ಪರದೆಯಿಲ್ಲದ ಹಳೆಯ ಕಂಪ್ಯೂಟರನ್ನು ಮನೆಯ ಸರ್ವರ್ ಮಾಡುವ ಕ್ರಮ

ಸರ್ವರ್ ಎಂದರೆ ದೊಡ್ಡ ಕಚೇರಿಗಳಲ್ಲಿರುವ ದುಬಾರಿ ಯಂತ್ರ ಎಂದು ಹಲವರು ತಿಳಿದಿದ್ದಾರೆ. ಒಂದು ಕಂಪ್ಯೂಟರು ತನ್ನಲ್ಲಿರುವ ಫೈಲುಗಳನ್ನು ಮನೆಯ ಉಳಿದ ಕಂಪ್ಯೂಟರು, ಮೊಬೈಲುಗಳಿಗೆ ಒದಗಿಸಿದರೆ ಅದೇ ಸರ್ವರ್. ಇದಕ್ಕೆ ಪರದೆಯೂ ಬೇಡ, ಕೀಬೋರ್ಡೂ ಬೇಡ. ಕುಟುಂಬದ ಫೋಟೊ, ಅಂಗಡಿಯ ಹಳೆಯ ಲೆಕ್ಕಪತ್ರ ಇಡಲು ಮೂಲೆ ಸೇರಿದ ಹಳೆಯ ಯಂತ್ರವೇ ಸಾಕಾಗಬಹುದು.

ಉದಾಹರಣೆಗೆ, 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ. ಮಕ್ಕಳು ಕಂಪ್ಯೂಟರ್ ಕಲಿಯಲೆಂದು ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ಇದು. ಇದರ ಮೊದಲ ‘ಮಾಡೆಲ್ ಬಿ’ಯಲ್ಲಿದ್ದದ್ದು 256 ಎಂಬಿ ರ್‍ಯಾಮ್, 700 ಮೆಗಾಹರ್ಟ್ಸ್ ಪ್ರೊಸೆಸರ್. ವೈಫೈ ಇರಲಿಲ್ಲ. ಇಷ್ಟು ಕಡಿಮೆ ಶಕ್ತಿಯ ಯಂತ್ರಕ್ಕೂ ಒಂದೇ ಕೆಲಸ ಒಪ್ಪಿಸಿದರೆ ನಿಧಾನವಾಗಿಯಾದರೂ ನಿಭಾಯಿಸುತ್ತದೆ.

ಪರದೆಯಿಲ್ಲದ ಯಂತ್ರ ನಮ್ಮನ್ನು ಏನೂ ಕೇಳಲಾರದು. ಆದ್ದರಿಂದ ಅದಕ್ಕೆ ಬೇಕಾದ ಉತ್ತರಗಳನ್ನೆಲ್ಲ ವಿದ್ಯುತ್ ಕೊಡುವ ಮೊದಲೇ ಎಸ್‌ಡಿ ಕಾರ್ಡಿನಲ್ಲಿ ಬರೆದಿಡಬೇಕು. ಮುಖ್ಯವಾದ ಹೆಜ್ಜೆ ಇದೇ.

ಬೇರೊಂದು ಕಂಪ್ಯೂಟರಿನಲ್ಲಿ ‘ರಾಸ್ಪ್‌ಬೆರಿ ಪೈ ಇಮೇಜರ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ‘ಲೈಟ್’ ಆವೃತ್ತಿ ಆರಿಸಬೇಕು. ಇದರಲ್ಲಿ ಚಿತ್ರಪರದೆಯ ಭಾಗ ಇಲ್ಲದ ಕಾರಣ ರ್‍ಯಾಮ್ ಉಳಿಯುತ್ತದೆ. 64 ಬಿಟ್ ಆವೃತ್ತಿ ಈ ಹಳೆಯ ಚಿಪ್‌ನಲ್ಲಿ ನಡೆಯುವುದಿಲ್ಲ. ಕಾರ್ಡಿಗೆ ಬರೆಯುವ ಮುನ್ನವೇ ಯಂತ್ರದ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ತುಂಬಿ, ‘ಎಸ್‌ಎಸ್‌ಎಚ್’ ಆಯ್ಕೆಯನ್ನು ಆನ್ ಮಾಡಬೇಕು. ದೂರದಿಂದ ಯಂತ್ರದೊಳಗೆ ಹೋಗಲು ಇದೇ ಬಾಗಿಲು. ಹಳೆಯ ಕೈಪಿಡಿಗಳಲ್ಲಿ ಕಾಣುವ ‘ಪೈ’ ಎಂಬ ಸಿದ್ಧ ಬಳಕೆದಾರ ಹೆಸರು 2022ರಿಂದ ಇಲ್ಲ.

ನಂತರ ಕಾರ್ಡ್ ಹಾಕಿ, ರೌಟರಿನಿಂದ ಕೇಬಲ್ ಜೋಡಿಸಿ, ವಿದ್ಯುತ್ ಕೊಟ್ಟು ಕೆಲವು ನಿಮಿಷ ಕಾಯಬೇಕು. ಕೆಂಪು ದೀಪ ಉರಿದರೆ ವಿದ್ಯುತ್ ಬಂದಿದೆ ಎಂದರ್ಥ. ಹಸಿರು ದೀಪ ಮಿನುಗಿದರೆ ಕಾರ್ಡನ್ನು ಓದುತ್ತಿದೆ. ಹಸಿರು ಮಿನುಗದಿದ್ದರೆ ಕಾರ್ಡನ್ನು ಮತ್ತೊಮ್ಮೆ ಬರೆಯುವುದು ಒಳ್ಳೆಯದು. ಯಂತ್ರದ ಐಪಿ ವಿಳಾಸ ರೌಟರಿನ ಪಟ್ಟಿಯಲ್ಲಿ ಸಿಗುತ್ತದೆ. ವಿಂಡೋಸ್ 10 ಅಥವಾ 11ರ ಕಮಾಂಡ್ ಪ್ರಾಂಪ್ಟಿನಿಂದಲೇ ಎಸ್‌ಎಸ್‌ಎಚ್ ಮೂಲಕ ಆ ವಿಳಾಸಕ್ಕೆ ಒಳಹೋಗಬಹುದು.

ಒಳಹೋದ ಮೇಲೆ ಮೊದಲು ತಂತ್ರಾಂಶಗಳನ್ನು ಅಪ್‌ಡೇಟ್ ಮಾಡಿ, ಬಳಿಕ ಫೈಲು ಹಂಚುವ ‘ಸಾಂಬಾ’ ಸರ್ವರನ್ನು ಇನ್‌ಸ್ಟಾಲ್ ಮಾಡಬೇಕು. ಹಂಚಬೇಕಾದ ಫೋಲ್ಡರನ್ನು ಅದರ ಸೆಟ್ಟಿಂಗ್ ಫೈಲಿನಲ್ಲಿ ನಮೂದಿಸಬೇಕು. ಸಾಂಬಾಕ್ಕೆ ಪಾಸ್‌ವರ್ಡನ್ನು ಪ್ರತ್ಯೇಕವಾಗಿ ಕೊಡಬೇಕು. ಹಲವರು ಎಡವುವುದು ಇಲ್ಲಿಯೇ.

ಕೊನೆಯದಾಗಿ ಮೂರು ಎಚ್ಚರಿಕೆಗಳು. ನಿಲ್ಲಿಸುವಾಗ ಪ್ಲಗ್ ಕೀಳದೆ, ಶಟ್‌ಡೌನ್ ಆದೇಶ ಕೊಡಬೇಕು. ಬರೆಯುವ ಹೊತ್ತಿನಲ್ಲಿ ವಿದ್ಯುತ್ ಹೋದರೆ ಕಾರ್ಡಿನ ಮಾಹಿತಿ ಕೆಡಬಹುದು. ಈ ಸರ್ವರನ್ನು ಮನೆಯ ಜಾಲದಿಂದ ಹೊರಗೆ, ಇಂಟರ್‌ನೆಟ್ಟಿಗೆ ತೆರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಜ್ಜ-ಅಜ್ಜಿಯರ ಫೋಟೊದ ಒಂದೇ ಪ್ರತಿ ಇದ್ದರೆ ಅದನ್ನು ಹಳೆಯ ಯಂತ್ರವೊಂದನ್ನೇ ನಂಬಿ ಇಡಬಾರದು. ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಯಂತ್ರ ಹೋದರೆ ಇನ್ನೊಂದನ್ನು ತರಬಹುದು, ಫೋಟೊ ಹೋದರೆ ತರಲಾಗದು.