ನಕಲು ಮಾಡಿ ಕಲಿಯುವ ಮುಖಚಿತ್ರ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಬೋರ್ಡು ಬರೆದು ಕೈ ಪಳಗಿದವರ ಬಳಿಗೆ ಯಾರಾದರೂ ತೀರಿಕೊಂಡ ತಾತನ ಪುಟ್ಟ ಫೋಟೋ ತಂದು, ‘ಇದನ್ನು ದೊಡ್ಡದಾಗಿ ಬರೆದುಕೊಡಪ್ಪ’ ಎನ್ನುವುದುಂಟು. ಮೂಗು, ಮೀಸೆ, ರುಮಾಲು ಎಲ್ಲ ಸರಿಯಾಗಿ ಬರುತ್ತವೆ. ಮುಖ ಮಾತ್ರ ರೊಟ್ಟಿಯಂತೆ ಚಪ್ಪಟೆ. ಮನೆಯವರು ಹಣ ಕೊಟ್ಟು ಒಯ್ಯುತ್ತಾರೆ, ಪಟ ಗೋಡೆ ಏರುವುದಿಲ್ಲ.

ಇದಕ್ಕೆ ಒಂದು ಮದ್ದಿದೆ. ಫೋಟೋ ಬದಿಗಿಟ್ಟು, ಹಳೆಯ ಉಸ್ತಾದನೊಬ್ಬನ ತೈಲಚಿತ್ರವನ್ನು ನಕಲು ಮಾಡಿ. ನಕಲು ಎಂದೊಡನೆ ಪರೀಕ್ಷೆಯ ಕಾಪಿ ನೆನಪಾಗಬೇಕಿಲ್ಲ. 17ನೇ ಶತಮಾನದ ಬರೋಕ್ ಎಂಬ ಶೈಲಿಯ ಮಹಾ ಕಲಾವಿದ, ಹಾಲೆಂಡಿನ ರೆಂಬ್ರಾಂಟ್, ಐವತ್ತು ದಾಟಿದ ಮೇಲೆ ನಮ್ಮ ಮೊಘಲ್ ಚಿತ್ರಗಳನ್ನು ನೋಡಿ ನಕಲು ಬರೆದ. ಜಹಾಂಗೀರ್, ಷಹಜಹಾನರನ್ನು ಬರೆದವೂ ಸೇರಿ ಅಂಥ ಇಪ್ಪತ್ತಕ್ಕೂ ಹೆಚ್ಚು ಹಾಳೆಗಳು ಇಂದಿಗೂ ಉಳಿದಿವೆ.

ನಮ್ಮ ಕಣ್ಣು ಪಳಗಿದ್ದು ಲೇಪಾಕ್ಷಿಯ ಚಾವಣಿ ನೋಡಿ. 16ನೇ ಶತಮಾನದ ಆ ಚಿತ್ರಗಳಲ್ಲಿ ಗೆರೆಯೇ ದೊರೆ, ಬಣ್ಣ ಅದರೊಳಗೆ ಸಮನಾಗಿ ಕೂರುತ್ತದೆ. ಅದು ಕೊರತೆಯಲ್ಲ, ಬೇರೊಂದು ವಿದ್ಯೆ. ಬರೋಕ್ ಮುಖದಲ್ಲಿ ಬೆಳಕು ಒಂದೇ ಕಡೆಯಿಂದ ಬೀಳುತ್ತದೆ, ಮುಖವನ್ನು ಕಟ್ಟುವುದು ನೆರಳು. ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಓಲೆಯ ಹುಡುಗಿ’ಯನ್ನು ಗಮನಿಸಿ. ಮೂಗಿನ ದಂಡಿಗೂ ಬೆಳಕು ಬಿದ್ದ ಕೆನ್ನೆಗೂ ನಡುವೆ ಗೆರೆಯೇ ಇಲ್ಲ! ನಾವಾದರೆ ಅಲ್ಲಿ ಖಂಡಿತ ಒಂದು ಗೆರೆ ಎಳೆದುಬಿಡುತ್ತಿದ್ದೆವು.

ಚಿತ್ರ ಸಣ್ಣದು, 44.5 ಸೆಂ.ಮೀ. ಎತ್ತರ, 39 ಅಗಲ. ಒಳ್ಳೆಯ ಮುದ್ರಣದ ಮೇಲೆ ಚೌಕ ಹಾಕಿ ಕ್ಯಾನ್ವಾಸಿಗೆ ಇಳಿಸಿಕೊಳ್ಳಿ. ಮೊದಲು ಕಂದು ಬಣ್ಣವೊಂದನ್ನೇ ಟರ್ಪೆಂಟೈನಿನಲ್ಲಿ ತೆಳುವಾಗಿಸಿ, ನೆರಳೆಲ್ಲ ಬರೆದು ಮುಗಿಸಿ. ಕಣ್ಣು ಕಿರಿದು ಮಾಡಿ ನೋಡಿದರೆ ಆಗಲೇ ಮುಖ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ಎಷ್ಟು ಬಣ್ಣ ಬಳಿದರೂ ನಿಲ್ಲದು. ಅದು ಒಣಗಿದ ಮೇಲೆ ಮೈಬಣ್ಣ. ಬೆಳಕಿನ ಕಡೆ ದಪ್ಪ, ನೆರಳಿನ ಕಡೆ ತೆಳು. ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಲಿ, ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಆ ಕಾಲದ ಬಿಳಿ ಬಣ್ಣ ಸೀಸದ್ದು, ವಿಷ. ನೀವು ಟೈಟಾನಿಯಂ ಬಿಳಿ ಬಳಸಿ.

ಎಣ್ಣೆ ಎಂದರೆ ಯಾವ ಎಣ್ಣೆ? ಕಡಲೆಕಾಯಿ ಸೀಮೆಯವರು ಕೇಳಲೇಬೇಕಾದ ಪ್ರಶ್ನೆ. ಕಡಲೆಕಾಯಿ ಎಣ್ಣೆ, ತೆಲುಗಿನ ವೇರುಶೆನಗ ನೂನೆ, ಖಂಡಿತ ಬೇಡ. ಅದು ಒಣಗುವುದೇ ಇಲ್ಲ. ಪಟ ಜಿಗುಟಾಗಿಯೇ ಉಳಿದು ಹೊಲದ ಧೂಳೆಲ್ಲ ಅಂಟುತ್ತದೆ. ಬೇಕಾದದ್ದು ಅಗಸೆ ಬೀಜದ ಎಣ್ಣೆ, ತೆಲುಗಿನಲ್ಲಿ ಅವಿಸೆ. (ಎರಡು ಭಾಷೆಯಲ್ಲೂ ಇದೇ ಹೆಸರಿನ ಮರವಿದೆ, ಅದಲ್ಲ.) ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ.

ಇನ್ನು ಹುಡುಗಿಯ ಹಿಂದಿನ ಕಪ್ಪು. 2018ರಲ್ಲಿ ಹೇಗ್ ನಗರದ ಮಾರಿತ್ಸ್‌ಹೌಸ್ ಸಂಗ್ರಹಾಲಯದವರು ಯಂತ್ರಗಳಿಂದ ಪರೀಕ್ಷಿಸಿದಾಗ, ಅಲ್ಲಿ ಮೊದಲು ಹಸಿರು ಪರದೆಯಿತ್ತೆಂದು ತಿಳಿಯಿತು. ನೀಲಿ, ಹಳದಿ ಸಸ್ಯಬಣ್ಣಗಳು ಕಾಲಕ್ರಮದಲ್ಲಿ ಮಾಸಿವೆ. ನೀವು ಕಪ್ಪನ್ನೇ ಬರೆಯುತ್ತೀರೋ, ಹಸಿರನ್ನೋ? ನನ್ನನ್ನು ಕೇಳಿದರೆ ಕಪ್ಪಿನ ಮೇಲೆ ತೆಳುವಾಗಿ ಹಸಿರು ಹಾಯಿಸಿ ನೋಡಿ. ಪಾರದರ್ಶಕ ಪದರ ಎಂದರೇನೆಂದು ಆಗ ಕೈಗೇ ತಿಳಿಯುತ್ತದೆ. ಮುಗಿದ ಮೇಲೆ ಹಿಂಬದಿಯಲ್ಲಿ ‘ವರ್ಮೀರನ ಚಿತ್ರದ ನಕಲು’ ಎಂದು ಬರೆದು, ನಿಮ್ಮ ಹೆಸರು, ವರ್ಷ ಹಾಕಿ.

ತಾತನ ಫೋಟೋ ಆಮೇಲೆ ತೆಗೆದುಕೊಳ್ಳಿ. ಫ್ಲಾಷ್ ಹಾಕಿ ತೆಗೆದದ್ದಾದರೆ ಅದರಲ್ಲಿ ನೆರಳು ಇರುವುದಿಲ್ಲ. ಅವರನ್ನು ಹೋಲುವ ಮಗನನ್ನೋ ತಮ್ಮನನ್ನೋ ಕಿಟಕಿಯ ಪಕ್ಕ ಕೂರಿಸಿ ನೆರಳು ನೋಡಿಕೊಳ್ಳಿ.

ಕೊನೆಗೊಂದು ಎಚ್ಚರಿಕೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಬಯಲಲ್ಲಿ ಹರವಿ ಒಣಗಿಸಿ. ಹುಲ್ಲಿನ ಬಣವೆಯಿಂದ ದೂರ.