ಪರದೆಯಿಲ್ಲದ ಐಪಾಡ್: ಉಳಿತಾಯ ಯಾರ ಖಾತೆಗೆ?

2004ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ವದಂತಿ ಹಬ್ಬಿತ್ತು. ಆಪಲ್ ಸಂಸ್ಥೆಯು ಹಾರ್ಡ್ ಡಿಸ್ಕಿನ ಬದಲು ಫ್ಲ್ಯಾಶ್ ಮೆಮೊರಿಯನ್ನು ಬಳಸಿ ಅಗ್ಗದ ಐಪಾಡ್ ತರಲಿದೆಯೆಂಬುದೇ ಅದು. ಸಾವಿರ ಹಾಡುಗಳ ಹೆಮ್ಮೆಯ ಹೆಸರನ್ನು ಅಗ್ಗದ ಸರಕಿಗೆ ಅಂಟಿಸುವುದು ಜಾಣತನವೇ ಎಂಬ ಶಂಕೆ ಸಹಜವಾಗಿತ್ತು. 2005ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಪಾಡ್ ಷಫಲ್ ಹೊರಬಂದಾಗ ಶಂಕೆ ಇಮ್ಮಡಿಸಿತು: 22 ಗ್ರಾಂ ತೂಕದ ಆ ಸಾಧನಕ್ಕೆ ಪರದೆಯೇ ಇರಲಿಲ್ಲ! ಪ್ರತಿಸ್ಪರ್ಧಿಗಳು ಪುಟ್ಟ ಪರದೆಯನ್ನೂ ಎಫ್‌ಎಂ ರೇಡಿಯೋವನ್ನೂ ಕೊಡುತ್ತಿದ್ದ ಕಾಲವದು.

ಆದರೂ ಗ್ರಾಹಕರು ಕೊಂಡರು. ಸುಮಾರು 120 ಹಾಡುಗಳ 512 ಎಂಬಿ ಮಾದರಿಗೆ 99 ಡಾಲರ್ ಬೆಲೆ. ಐಪಾಡ್ ಮಿನಿಗೆ ಆಗ 249 ಡಾಲರ್. ಕೈಬಿಟ್ಟದ್ದರ ಲಾಭವು ಬೆಲೆಪಟ್ಟಿಯಲ್ಲೇ ಎದ್ದು ಕಾಣುತ್ತಿತ್ತು.

2009ರ ಮಾರ್ಚ್‌ನಲ್ಲಿ ಸಂಸ್ಥೆಯು ಹಾಡು ಬದಲಿಸುವ ಗುಂಡಿಗಳನ್ನೂ ತೆಗೆದು, ನಿಯಂತ್ರಣವನ್ನು ಇಯರ್‌ಫೋನಿನ ತಂತಿಗೆ ವರ್ಗಾಯಿಸಿತು. ಈ ಬಾರಿಯ ಆಕ್ಷೇಪಣೆ ಬೇರೆ ಬಗೆಯದು. ಗ್ರಾಹಕನು ತನ್ನಲ್ಲಿದ್ದ ಸಾಮಾನ್ಯ ಇಯರ್‌ಫೋನ್ ಜೋಡಿಸಿದರೆ ಹಾಡು ಬದಲಿಸಲಾಗದು, ಧ್ವನಿ ಏರಿಳಿಸಲಾಗದು. ತಂತಿ ಕೆಟ್ಟರೆ ಅಂಥದ್ದನ್ನೇ ಹುಡುಕಿ ಕೊಳ್ಳಬೇಕು. ಲೆಕ್ಕಪತ್ರದ ಮಾತಿನಲ್ಲಿ ಹೇಳುವುದಾದರೆ, ಮೊದಲ ಕಡಿತವು ಗ್ರಾಹಕನ ಖಾತೆಗೆ ಜಮೆಯಾಗಿತ್ತು, ಎರಡನೆಯದು ಅವನ ಖರ್ಚಿಗೆ ಬಿದ್ದಿತು. ಚೆಲುವಿನ ಹೆಸರಿನಲ್ಲಿ ಬಿದ್ದರೂ ಖರ್ಚು ಖರ್ಚೇ.

2010ರ ಸೆಪ್ಟೆಂಬರ್‌ನಲ್ಲಿ ಗುಂಡಿಗಳು ಮರಳಿ ಬಂದವು. ಪರದೆ ಮಾತ್ರ, 2017ರ ಜುಲೈನಲ್ಲಿ ಷಫಲ್ ಮಾರಾಟವನ್ನು ಸಂಸ್ಥೆ ನಿಲ್ಲಿಸುವವರೆಗೂ, ಬರಲೇ ಇಲ್ಲ.