ಖಂಡಾಲ ಘಾಟಿ ಹತ್ತುವ ಬ್ಯಾಟರಿ

ಮುಂಬೈನ ಕನ್ನಡಿಗರ, ತುಳುವರ ಮನೆಗಳಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಇದರಲ್ಲಿ ಊರಿಗೆ ಹೋಗಬಹುದೇ? ಊರೆಂದರೆ ಉಡುಪಿ, ಕುಂದಾಪುರ, ಮಂಗಳೂರು. ಇಲ್ಲವೇ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ. ಮೇ ರಜೆಗೋ ಚೌತಿಗೋ ವರ್ಷಕ್ಕೆ ಒಂದೆರಡು ಸಲ ಹಿಡಿಯುವ ಆ ದಾರಿಯನ್ನೇ ಅಳತೆಗೋಲು ಮಾಡಿಕೊಂಡು, ಉಳಿದೆಲ್ಲ ದಿನ ಬೊರಿವಲಿಯಿಂದ ಬಾಂದ್ರಾಕ್ಕೆ ಓಡಿಸುವ ಕಾರನ್ನು ಆರಿಸುತ್ತೇವೆ. ‘ಇ-ಕಾರು ನಗರದೊಳಗೆ ಸರಿ, ದೂರಕ್ಕೆ ಆಗದು’ ಎಂಬ ತೀರ್ಪು ಹುಟ್ಟಿದ್ದೂ ಹೀಗೆಯೇ. ಆದರೆ ಲೆಕ್ಕ ಹಾಕಿ ನೋಡಿದರೆ ಈ ನಗರದಲ್ಲಿ ಇ-ಕಾರಿನ ನಿಜವಾದ ತೊಡಕು ಹೆದ್ದಾರಿಯಲ್ಲಿಲ್ಲ. ಅದು ರಾತ್ರಿ ಕಾರು ನಿಲ್ಲುವ ಜಾಗದಲ್ಲಿದೆ.

ಮೊದಲು ಬ್ಯಾಟರಿ ಖಾಲಿಯಾಗುವ ಬಗೆಯನ್ನು ನೋಡೋಣ. ಸಮತಟ್ಟಾದ ರಸ್ತೆಯಲ್ಲಿ ಕಾರು ಎರಡು ತಡೆಗಳನ್ನು ಎದುರಿಸುತ್ತದೆ. ಒಂದು, ಟೈರು ರಸ್ತೆಗೆ ಒತ್ತಿ ಉರುಳುವುದರಿಂದ ಆಗುವ ತಡೆ. ಇದು ವೇಗದೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಗಾಳಿಯ ತಡೆ. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟಾಗುತ್ತದೆ. ಸಣ್ಣ ಎಸ್‌ಯುವಿ ಗಾತ್ರದ ಕಾರನ್ನು ತೆಗೆದುಕೊಂಡರೆ, 40 ಕಿ.ಮೀ. ವೇಗದಲ್ಲಿ ನೂರು ಕಿ.ಮೀ. ಸಾಗಲು ಗಾಳಿಯನ್ನು ಸೀಳುವುದಕ್ಕೆ ಎರಡು ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಸಾಕು. 100 ಕಿ.ಮೀ. ವೇಗದಲ್ಲಿ ಅದೇ ಕೆಲಸಕ್ಕೆ ಹತ್ತು ಯೂನಿಟ್ ದಾಟುತ್ತದೆ. ಎ.ಸಿ.ಯ ಲೆಕ್ಕ ಇದಕ್ಕೆ ತದ್ವಿರುದ್ಧ. ಗಂಟೆಗೆ ಒಂದು ಯೂನಿಟ್ ತಿನ್ನುವ ಎ.ಸಿ., ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ 20 ಕಿ.ಮೀ. ವೇಗದಲ್ಲಿ ತೆವಳುವಾಗ ನೂರು ಕಿ.ಮೀ.ಗೆ ಐದು ಯೂನಿಟ್ ಎಳೆಯುತ್ತದೆ. ಪುಣೆ ದಾರಿಯಲ್ಲಿ 100ರ ವೇಗದಲ್ಲಿ ಹೋಗುವಾಗ ಒಂದೇ ಯೂನಿಟ್. ಎಲ್ಲ ನಷ್ಟಗಳನ್ನೂ ಸೇರಿಸಿದರೆ ಇಂಥ ಕಾರು ನಗರದಲ್ಲಿ ನೂರು ಕಿ.ಮೀ.ಗೆ 12ರಿಂದ 14 ಯೂನಿಟ್, ಹೆದ್ದಾರಿಯಲ್ಲಿ 16ರಿಂದ 18 ಯೂನಿಟ್ ಬಳಸುತ್ತದೆ. ಪೆಟ್ರೋಲ್ ಕಾರಿನ ಸ್ವಭಾವ ಇದಕ್ಕೆ ಉಲ್ಟಾ: ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ ಇಂಧನ ಪೋಲಾಗುತ್ತದೆ, ಹೆದ್ದಾರಿಯಲ್ಲಿ ಮೈಲೇಜ್ ಏರುತ್ತದೆ. ಇ-ಕಾರಿನ ಮೋಟಾರು ನಿಂತಾಗ ಏನನ್ನೂ ಸುಡುವುದಿಲ್ಲ; ಬ್ರೇಕ್ ಒತ್ತಿದಾಗ ಅದೇ ಜನರೇಟರ್ ಆಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಜಾಹೀರಾತಿನ ಅಂಕಿಗೂ ರಸ್ತೆಯ ಅಂಕಿಗೂ ತಾಳೆಯಾಗದಿರುವುದಕ್ಕೆ ಕಾರಣ ಇಲ್ಲೇ ಸಿಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಎಂಐಡಿಸಿ ಎಂಬ ಮೈಲೇಜ್ ಪರೀಕ್ಷೆಯ ಗರಿಷ್ಠ ವೇಗವೇ 90 ಕಿ.ಮೀ., ಸರಾಸರಿ ವೇಗ 35ಕ್ಕೂ ಕಡಿಮೆ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇ-ಕಾರಿಗೆ ಈ ಪರೀಕ್ಷೆ ಕೊಟ್ಟ ಅಂಕಿ 489 ಕಿ.ಮೀ. ಮೇಲಿನ ಲೆಕ್ಕದ ಪ್ರಕಾರ ಹೆದ್ದಾರಿಯಲ್ಲಿ ಅದು 250ರಿಂದ 280 ಕಿ.ಮೀ. ಮಾತ್ರ. ಕಂಪನಿಗಳು ಈ ಎರಡನೆಯ ಅಂಕಿಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಹಾಗೆ ಮಾಡದ ಕಾರಣಕ್ಕೇ ಕೊಂಡವರಿಗೆ ಮೋಸ ಹೋದಂತೆ ಅನಿಸುತ್ತದೆ, ಒಳ್ಳೆಯ ಯಂತ್ರಕ್ಕೂ ಕೆಟ್ಟ ಹೆಸರು ಬರುತ್ತದೆ.

ಘಾಟಿ ಹತ್ತುವಾಗ ಬ್ಯಾಟರಿ ಬರಿದಾಗುತ್ತದೆ ಎಂಬ ಭಯವೂ ಇದೆ. ಮುಂಬೈಯಿಂದ ಪುಣೆಯ ಕಡೆಗೆ ಹೊರಟವರು ಬೋರ್ ಘಾಟ್, ಅಂದರೆ ಖಂಡಾಲ ಘಾಟಿ ಹತ್ತಲೇಬೇಕು. ಲೋಣಾವಳ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಈ ಘಾಟಿಯ ಬುಡದ ಖೋಪೋಲಿಯಲ್ಲಿ 1915ರಿಂದಲೂ ಟಾಟಾದವರ ಜಲವಿದ್ಯುತ್ ಕೇಂದ್ರವಿದೆ. ಲೋಣಾವಳದ ಸುತ್ತಲ ಜಲಾಶಯಗಳ ನೀರು ಕೊಳವೆಗಳಲ್ಲಿ 500 ಮೀಟರ್‌ಗೂ ಹೆಚ್ಚು ಎತ್ತರದಿಂದ ಧುಮುಕಿ ಟರ್ಬೈನ್ ತಿರುಗಿಸುತ್ತದೆ. ಮುಂಬೈನ ಹತ್ತಿ ಗಿರಣಿಗಳು ಉಗಿಯನ್ನು ಬಿಟ್ಟು ವಿದ್ಯುತ್ತಿಗೆ ಬಂದದ್ದು ಈ ಇಳಿಜಾರಿನ ಬಲದಿಂದ. ನೀರು ಇಳಿಯುವಾಗ ಕೊಡುವ ಶಕ್ತಿಯ ಸೂತ್ರವೇ ಕಾರು ಏರುವಾಗ ಬೇಡುವ ಶಕ್ತಿಗೂ ಅನ್ವಯಿಸುತ್ತದೆ. ಜನ, ಸಾಮಾನು ಸೇರಿ 1,800 ಕೆ.ಜಿ. ತೂಗುವ ಕಾರನ್ನು 600 ಮೀಟರ್ ಮೇಲಕ್ಕೆತ್ತಲು ಸುಮಾರು ಮೂರು ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿದರೆ ಮೂರೂವರೆ. ಸಮತಟ್ಟು ರಸ್ತೆಯ ಇಪ್ಪತ್ತು ಕಿ.ಮೀ.ಗೆ ಖರ್ಚಾಗುವಷ್ಟು, ಅಷ್ಟೆ. ಹಿಂದಿರುಗುವಾಗ ಇಳಿಜಾರಿನಲ್ಲಿ ಇದರ ಒಳ್ಳೆಯ ಪಾಲು ಮರಳಿ ಬರುತ್ತದೆ. ಒಂದು ಎಚ್ಚರ ಬೇಕು: ಲೋಣಾವಳದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿಯಬಾರದು. ತುಂಬಿದ ಬ್ಯಾಟರಿಗೆ ಬ್ರೇಕಿನ ವಿದ್ಯುತ್ತನ್ನು ಹಿಡಿದಿಡಲು ಜಾಗವಿರುವುದಿಲ್ಲ, ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ.

ಹಾಗಾದರೆ ಅಂಧೇರಿಯಿಂದ ಪುಣೆ ಚಿಂತೆಯಿಲ್ಲದ ದಾರಿ. ನಾಶಿಕ್ ಕೂಡ ಅಷ್ಟೇ. ಮಹಾರಾಷ್ಟ್ರದ 2025ರ ನೀತಿಯಂತೆ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಅಟಲ್ ಸೇತುವಿನಲ್ಲೂ ಇ-ಕಾರಿಗೆ ಟೋಲ್ ವಿನಾಯಿತಿಯೂ ಇದೆ. ಕೊಲ್ಹಾಪುರಕ್ಕೆ ದಾರಿಯಲ್ಲಿ ಒಂದು ಸಲ ಚಾರ್ಜ್ ಸಾಕು. ಉಡುಪಿ, ಮಂಗಳೂರಿನ ಮಾತು ಬೇರೆ. ಬೆಳಗಾವಿ, ಹುಬ್ಬಳ್ಳಿ ದಾಟಿ ಯಲ್ಲಾಪುರದ ಮೇಲಿಂದ ಅಂಕೋಲಾಕ್ಕೆ ಇಳಿಯುವ ಸುಮಾರು 900 ಕಿ.ಮೀ. ದಾರಿಯಲ್ಲಿ, ಮನೆಯಿಂದ ತುಂಬಿಕೊಂಡು ಹೊರಟರೂ ನಾಲ್ಕು ಸಲ ನಿಲ್ಲಬೇಕು. ಪ್ರತಿ ಸಲ 10ರಿಂದ 80 ಶೇಕಡಾ ತುಂಬಲು ಮುಕ್ಕಾಲು ಗಂಟೆ. 80ರ ಮೇಲೆ ಕಾಯುವುದು ವ್ಯರ್ಥ. ಏಕೆಂದರೆ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಬ್ಯಾಟರಿಯೊಳಗಿನ ಗ್ರಾಫೈಟ್ ಪದರಗಳ ನಡುವೆ ಜಾಗ ಹುಡುಕಿ ಕೂರಬೇಕು. ಚರ್ಚ್‌ಗೇಟ್‌ನಲ್ಲಿ ಲೋಕಲ್ ಗಾಡಿಯ ಮೊದಲ ಸೀಟುಗಳು ಕ್ಷಣದಲ್ಲಿ ತುಂಬಿ, ಕೊನೆಯ ಕೆಲವಕ್ಕೆ ತಡಕಾಡಬೇಕಾಗುವಂತೆಯೇ ಇಲ್ಲೂ ಆಗುತ್ತದೆ. ಬಲವಂತ ಮಾಡಿದರೆ ಲಿಥಿಯಂ ಲೋಹವಾಗಿ ಮೇಲ್ಮೈಗೆ ಅಂಟಿ ಬ್ಯಾಟರಿ ಹಾಳಾಗುತ್ತದೆ. ಆದ್ದರಿಂದ ಕಾರಿನ ನಿಯಂತ್ರಕವೇ ಕರೆಂಟನ್ನು ಇಳಿಸಿಬಿಡುತ್ತದೆ.

ಒಟ್ಟು ಮೂರು ಗಂಟೆ ಹೆಚ್ಚು ಎಂದರೆ ಹಲವರು ಒಪ್ಪುತ್ತಾರೆ; ಹೇಗೂ ಊಟ, ಚಹಾಕ್ಕೆ ನಿಲ್ಲುತ್ತೇವಲ್ಲ ಎನ್ನುತ್ತಾರೆ. ಇದಕ್ಕೆ ಎದುರಾಗಿ ಬರುವ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. ಪೆಟ್ರೋಲ್ ಬಂಕಿನ ಒಂದು ಪಂಪು ಗಂಟೆಗೆ ಹತ್ತಕ್ಕೂ ಹೆಚ್ಚು ಕಾರುಗಳನ್ನು ಕಳಿಸಿಕೊಡುತ್ತದೆ. ಚಾರ್ಜರಿನ ಒಂದು ಗನ್ ಒಂದೂವರೆ ಕಾರನ್ನು ಸಹ ಕಷ್ಟಪಟ್ಟು ಮುಗಿಸುತ್ತದೆ. ಮಾಮೂಲಿ ಬುಧವಾರ ಇದು ಗೊತ್ತಾಗುವುದಿಲ್ಲ. ಚೌತಿಯ ಹಿಂದಿನ ರಾತ್ರಿ ಇಡೀ ಮುಂಬೈ ಒಂದೇ ದಿಕ್ಕಿಗೆ ಹೊರಟಾಗ, ಮುಂದೆ ಬರೀ ಇಬ್ಬರಿದ್ದರೂ ಒಂದೂವರೆ ಗಂಟೆ ಕಾಯಬೇಕು. ಇದಕ್ಕೆ ದೊಡ್ಡ ಬ್ಯಾಟರಿಯೇ ಮದ್ದು ಎನ್ನುವವರಿದ್ದಾರೆ. 2024ರ ಕೊನೆಯಲ್ಲಿ ಮಹೀಂದ್ರಾ 79 ಯೂನಿಟ್‌ನ ಕಾರುಗಳನ್ನು ತಂದಿದೆ, ಅವು ನಿಲ್ಲುವ ಸಲಗಳನ್ನು ಅರ್ಧಕ್ಕೆ ಇಳಿಸುತ್ತವೆ ನಿಜ. ಆದರೆ ವರ್ಷಕ್ಕೆ ನಾಲ್ಕು ದಿನದ ಅಗತ್ಯಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಕೊಟ್ಟು, ಆ ತೂಕವನ್ನು ಉಳಿದ ದಿನಗಳಲ್ಲೂ ಹೊತ್ತು ತಿರುಗುವುದು ವಿವೇಕವಲ್ಲ. ಹಬ್ಬದ ದಿನಕ್ಕೆ 1998ರಿಂದ ಕೊಂಕಣ ರೈಲಿದೆ. ಬೇರೆ ದಿನಗಳಲ್ಲಾದರೆ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಚಾರ್ಜರ್ ಇರುವ ಹೋಟೆಲು ನೋಡಿ ರಾತ್ರಿ ತಂಗಿದರೆ ಕಾರೂ ತುಂಬುತ್ತದೆ, ಓಡಿಸುವವರಿಗೂ ನಿದ್ದೆಯಾಗುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ಇ-ವಾಹನ ದೂರಕ್ಕೆ ಆಗುತ್ತದೆ ಎಂಬುದಕ್ಕೆ ಎದ್ದು ಕಾಣುವ ಸಾಕ್ಷಿ ಎಂದರೆ ಮಹಾರಾಷ್ಟ್ರ ಸಾರಿಗೆಯ ಇ-ಶಿವನೇರಿ ಬಸ್ಸುಗಳು. 2023ರಿಂದ ಅವು ಇದೇ ಘಾಟಿ ಹತ್ತಿ ಪುಣೆಗೆ ಓಡುತ್ತಿವೆ. ಮುಂಬೈನೊಳಗೆ ಬೆಸ್ಟ್‌ನ ವಿದ್ಯುತ್ ಡಬಲ್ ಡೆಕ್ಕರ್‌ಗಳಿವೆ. ಇವೆಲ್ಲ ನಡೆಯುವುದು ಪ್ರತಿ ಬಸ್ಸಿಗೂ ಡಿಪೋದಲ್ಲಿ ನಿಲ್ಲುವ ಜಾಗ, ಆ ಜಾಗದಲ್ಲಿ ಚಾರ್ಜರ್ ಇರುವುದರಿಂದ. ಖಾಸಗಿ ಕಾರಿಗೆ ಬೇಕಾದದ್ದೂ ಅಂಥದೇ ಒಂದು ಜಾಗ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಬೇಕಾದ ವಿದ್ಯುತ್ ಆರೇಳು ಯೂನಿಟ್. ಸಾಮಾನ್ಯ 15 ಆಂಪಿಯರ್ ಸಾಕೆಟ್ ಗಂಟೆಗೆ ಮೂರು ಯೂನಿಟ್ ಕೊಡುತ್ತದೆ; ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ ಗಂಟೆ ಸಾಕು. ಈ ಒಂದು ಸಾಕೆಟ್ ಇಲ್ಲದ ಕಾರಣಕ್ಕೇ ದಾದರಿನ ಹಳೆಯ ಕಟ್ಟಡದ ಮುಂದೆ ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು, ಕಾರಿನ ಮೇಲೆ ಕಾರನ್ನು ಪೇರಿಸುವ ಯಾಂತ್ರಿಕ ಪಾರ್ಕಿಂಗ್‌ನವರು, ಸೊಸೈಟಿ ಕಮಿಟಿಯ ಎನ್‌ಒಸಿಗಾಗಿ ತಿಂಗಳುಗಟ್ಟಲೆ ಅಲೆಯುವವರು ಸಾರ್ವಜನಿಕ ಚಾರ್ಜರನ್ನೇ ನೆಚ್ಚಬೇಕಾಗುತ್ತದೆ. ಹೆದ್ದಾರಿಯಲ್ಲಿ ವರ್ಷಕ್ಕೊಮ್ಮೆ ಬರುವ ಕಾಯುವಿಕೆ ಇವರಿಗೆ ವಾರವಾರವೂ ಇರುತ್ತದೆ.

ಸೊಸೈಟಿಗಳ ಆತಂಕಕ್ಕೆ ಕಾರಣವಿಲ್ಲದೆ ಇಲ್ಲ. ಮೂವತ್ತು ವರ್ಷದ ಹಿಂದಿನ ವೈರಿಂಗ್, ಮೀಟರ್ ರೂಮಿನಿಂದ ಪಾರ್ಕಿಂಗ್‌ಗೆ ಎಳೆಯಬೇಕಾದ ಉದ್ದದ ಕೇಬಲ್, ಬೆಂಕಿಯ ಭಯ. ಆದರೆ ಸಾಕೆಟ್ ಮಟ್ಟದ ಚಾರ್ಜಿಂಗ್ ಎಳೆಯುವುದು ಮನೆಯ ಎರಡು ಎ.ಸಿ.ಗಳಷ್ಟು ಕರೆಂಟ್. ಅರ್ಹ ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಲೈನ್, ಸರಿಯಾದ ಅರ್ತಿಂಗ್, ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ, ಕಾರುಗಳನ್ನು ರಾತ್ರಿ ಸರದಿಯಂತೆ ಚಾರ್ಜ್ ಮಾಡಿದರೆ ಬಹುಪಾಲು ಕಟ್ಟಡಗಳು ತಾಳಿಕೊಳ್ಳುತ್ತವೆ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮವು ವಾಹನ ಚಾರ್ಜಿಂಗ್‌ಗೆ ಬೇರೆ ಸಂಪರ್ಕ ಕೇಳುವ ಹಕ್ಕನ್ನು ಕೊಟ್ಟಿದೆ. ಜುಲೈ ಮಳೆಯ ಪ್ರಶ್ನೆಯನ್ನೂ ಕಮಿಟಿಗಳು ಎತ್ತುತ್ತವೆ. ಐಪಿ67 ದರ್ಜೆಯ ಬ್ಯಾಟರಿ ಪೆಟ್ಟಿಗೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂತೆ ಪರೀಕ್ಷೆಯಾಗಿರುತ್ತದೆ. ಹಾಗೆಂದು ಮಳೆಗೆ ಮುಳುಗುವ ಹಿಂದ್‌ಮಾತಾದ ನೀರಿಗೆ ಕಾರು ಇಳಿಸಬೇಕಿಲ್ಲ; ಸಾಕೆಟ್ಟನ್ನು ಮಾತ್ರ ನೆಲದಿಂದ ಸಾಕಷ್ಟು ಎತ್ತರಕ್ಕೆ ಕೂರಿಸಬೇಕು.

ಕಲ್ಲಿದ್ದಲಿನಿಂದ ಬಂದ ವಿದ್ಯುತ್ತಲ್ಲವೇ ಎಂಬ ಕೊನೆಯ ಆಕ್ಷೇಪಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ನಗರದಲ್ಲಿ ಇ-ಕಾರು ಕಿ.ಮೀ.ಗೆ ನೂರು ಗ್ರಾಂ ಆಸುಪಾಸಿನಲ್ಲಿರುತ್ತದೆ. ಲೀಟರಿಗೆ 12 ಕಿ.ಮೀ. ಕೊಡುವ ಪೆಟ್ರೋಲ್ ಕಾರು 190 ಗ್ರಾಂ ಉಗುಳುತ್ತದೆ. ಹೆದ್ದಾರಿಯ ವೇಗದಲ್ಲಿ ಈ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಖರ್ಚಿನ ಉಳಿತಾಯವೂ ಹಾಗೆಯೇ: ನಗರದಲ್ಲಿ ದೊಡ್ಡದು, ದೂರದಲ್ಲಿ ಸಣ್ಣದು. ಆದ್ದರಿಂದ ಮುಂಬೈನಲ್ಲಿ ಇ-ಕಾರು ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕಿಲೋಮೀಟರ್ ಕೇಳುವ ಮೊದಲು ತಮ್ಮ ಪಾರ್ಕಿಂಗ್ ಜಾಗಕ್ಕೆ ಎಲೆಕ್ಟ್ರಿಷಿಯನ್‌ನನ್ನು ಕರೆತಂದು ತೋರಿಸಲಿ. ಅಲ್ಲಿ ಒಂದು ಲೈನ್ ಬರುವಂತಿದ್ದರೆ 45 ಯೂನಿಟ್‌ನ ಕಾರು ದಿನದ ಓಡಾಟಕ್ಕೂ ಪುಣೆ, ಕೊಲ್ಹಾಪುರಕ್ಕೂ ಧಾರಾಳ ಸಾಕು, ಊರಿಗೂ ಎರಡು ದಿನದ ಪಯಣವಾಗಿ ನಡೆಯುತ್ತದೆ. ಲೈನ್ ಬರುವಂತಿಲ್ಲದಿದ್ದರೆ ಸದ್ಯಕ್ಕೆ ಕೊಳ್ಳುವುದು ಬೇಡ. ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಿ.